ಹಂಡೆಯಣ್ಣನ ಹನ್ನೆರಡು ಡಿಗ್ರಿ

ಸಾಬೂನು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗುರುವಾರ ಎಂದೇ ಕರೆಯುತ್ತಿದ್ದರು. ಸೋಮವಾರದಿಂದ ಬುಧವಾರದವರೆಗೆ ಕಾಲೇಜಿನ ಬೆಂಚು, ಗುರುವಾರದಿಂದ ಶನಿವಾರದವರೆಗೆ ಕಾರ್ಖಾನೆಯ ನೆಲ. ಅವನು ಸೇರಿದ್ದ ಅನ್ವಯಿಕ ವಿಜ್ಞಾನ ಪದವಿಯ ಕಟ್ಟಳೆಯೇ ಹಾಗಿತ್ತು. ವಾರದ ನಡುವೆ ದಿಢೀರನೆ ಪ್ರತ್ಯಕ್ಷನಾಗುವ ಈ ಹುಡುಗನಿಗೆ ಪ್ಯಾಕಿಂಗ್ ಮೇಜಿನ ಹೆಂಗಸರು ಮೊದಲ ತಿಂಗಳಲ್ಲೇ ಹೆಸರಿಟ್ಟು ಮುಗಿಸಿದ್ದರು. ಕಾಲೇಜಿನ ಗೆಳೆಯರಿಗೆ ಅವನು ‘ಸಾಬೂನು’. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು.

ಎರಡು ಕಡೆ ಇರುವುದರಲ್ಲಿ ಒಂದು ಅನುಕೂಲವೂ ಇತ್ತು. ತರಗತಿಯಲ್ಲಿ ಉತ್ತರ ಬಾರದಿದ್ದಾಗ, “ಪ್ರಾಕ್ಟಿಕಲ್ಲಾಗಿ ಅದು ಹಾಗಿರಲ್ಲ ಸರ್” ಎಂದುಬಿಡುತ್ತಿದ್ದ. ಕಾರ್ಖಾನೆಯಲ್ಲಿ ಎಣ್ಣೆಯ ಡಬ್ಬ ಎತ್ತಲಾಗದಿದ್ದಾಗ, “ಥಿಯರಿ ಪ್ರಕಾರ ಇದನ್ನ ಇಬ್ಬರು ಎತ್ತಬೇಕು” ಎನ್ನುತ್ತಿದ್ದ. ಹೀಗೆ ಎರಡೂ ಕಡೆ ಅರ್ಧರ್ಧ ಗೊತ್ತಿದ್ದವನು ಎರಡನ್ನೂ ಕೂಡಿಸಿದರೆ ಪೂರ್ತಿಯಾಗುತ್ತದೆ ಎಂದು ಮನಸಾರೆ ನಂಬಿದ್ದ.

ಕಾರ್ಖಾನೆ ದೊಡ್ಡದೇನಲ್ಲ. ಬಸ್ ಡಿಪೋದ ಹಿಂದಿನ ಉದ್ದನೆಯ ಶೆಡ್ಡು, ಇಪ್ಪತ್ತೆರಡು ಜನ, ಮಧ್ಯದಲ್ಲಿ ಆಳೆತ್ತರದ ಉಕ್ಕಿನ ಹಂಡೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸಾಬೂನಾಗುವುದು ಅದರಲ್ಲೇ. ಆ ಹಂಡೆಯ ಮುಂದೆ ಹತ್ತೊಂಬತ್ತು ವರ್ಷದಿಂದ ನಿಂತಿದ್ದವನೇ ಹಂಡೆಯಣ್ಣ. ಸೋಡಾ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಅವನು ಪರೀಕ್ಷಾ ನಳಿಗೆಗಳ ಗೋಜಿಗೆ ಹೋಗುತ್ತಿರಲಿಲ್ಲ. ಆರಿದ ಸಾಬೂನಿನ ಚೂರನ್ನು ನಾಲಿಗೆಯ ತುದಿಗೆ ತಾಗಿಸಿ, “ಇನ್ನೂ ಕಚ್ತಾ ಇದೆ” ಎಂದೋ “ಸುಮ್ಮನಾಯ್ತು” ಎಂದೋ ತೀರ್ಪು ಕೊಡುತ್ತಿದ್ದ. ಗುರುವಾರನೂ ಒಮ್ಮೆ ಗುಟ್ಟಾಗಿ ನಾಲಿಗೆ ತಾಗಿಸಿ, ಎರಡು ದಿನ ತೊದಲಿದ್ದ.

ಪದವಿಯ ಮೂರನೇ ವರ್ಷಕ್ಕೆ ಒಂದು ಷರತ್ತಿತ್ತು. ಕೆಲಸದ ಜಾಗದಲ್ಲಿ ಒಂದು ದೋಷ ಹುಡುಕಿ, ಸರಿಪಡಿಸಿ, ಪುಟಸಂಖ್ಯೆ ಹಾಕಿದ ಲಾಗ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಬೇಕು. ಕೊನೆಗೆ ಕಾರ್ಖಾನೆಯ ಲ್ಯಾಬ್ ಮೇಡಂ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಇಡೀ ವರ್ಷ ಮತ್ತೊಮ್ಮೆ. ಗೆಳೆಯರಿಗೆಲ್ಲ ಒಂದೊಂದು ದೋಷ ಸಿಕ್ಕಿತ್ತು. ಗುರುವಾರನಿಗೆ ಮೂರು ತಿಂಗಳಾದರೂ ತನ್ನನ್ನು ಬಿಟ್ಟು ಬೇರೆ ದೋಷ ಕಂಡಿರಲಿಲ್ಲ.

ಕಂಡದ್ದು ಹಂಡೆಯ ಪಕ್ಕದ ಡಯಲ್‌ನಲ್ಲಿ. ಒಳಗಿನ ಬಿಸಿಯನ್ನು ಮುಳ್ಳಿನಿಂದ ತೋರಿಸುವ, ಗಡಿಯಾರದಂಥ ದುಂಡು ಡಯಲ್. ಒಂದು ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ಅವನು ಡಿಪೋದ ಎದುರಿನ ತಂಪುಪಾನೀಯದ ಅಂಗಡಿಯಿಂದ ಐಸ್ ತಂದು, ಡಯಲ್ ಬಿಚ್ಚಿ, ಅದರ ಕಡ್ಡಿಯನ್ನು ಐಸ್‌ನೀರಿನಲ್ಲಿಟ್ಟ. ಸೊನ್ನೆ ತೋರಿಸಬೇಕಾದ ಮುಳ್ಳು ಹನ್ನೆರಡು ತೋರಿಸಿತು. ಕುದಿವ ನೀರಿನಲ್ಲಿಟ್ಟ. ನೂರಾಹನ್ನೆರಡು. ಗುರುವಾರನಿಗೆ ಕುಣಿಯುವಂತಾಯಿತು. ಹಿಂದಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಸರಿ ಜಾಗಕ್ಕೆ ತಂದು, ಡಯಲ್ ಮತ್ತೆ ಜೋಡಿಸಿ, ಲಾಗ್‌ಬುಕ್ಕಿನಲ್ಲಿ “ಹನ್ನೆರಡು ಡಿಗ್ರಿ ದೋಷ ನಿವಾರಿಸಲಾಗಿದೆ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಯಾರಿಗೂ ಹೇಳಲಿಲ್ಲ. ಶನಿವಾರ ಮೇಡಂ ಮುಂದೆ ಹೇಳಲು ಪುಟ್ಟ ಭಾಷಣವೊಂದು ತಯಾರಾಗುತ್ತಿತ್ತು.

ಶುಕ್ರವಾರ ನಿಂಬೆ ಸಾಬೂನಿನ ಸರದಿ. ಬೆಂದ ಸಾಬೂನು ಆರುತ್ತಾ ಬಂದು ಮುಳ್ಳು ಎಪ್ಪತ್ತೆರಡಕ್ಕೆ ಇಳಿದದ್ದೇ ಹಂಡೆಯಣ್ಣ ಎಂದಿನಂತೆ “ನಿಂಬೆ!” ಎಂದು ಕೂಗಿ ಸುಗಂಧದ ಕ್ಯಾನು ಬಗ್ಗಿಸಿದ. ಅವತ್ತಿನ ಘಮಲೇ ಘಮಲು.

“ಏನಣ್ಣಾ, ಇವತ್ತು ಕೈ ದೊಡ್ಡದು ಮಾಡಿದ್ರಾ?” ಪ್ಯಾಕಿಂಗ್ ಮೇಜಿನಿಂದ ಒಬ್ಬಾಕೆ ಕೂಗಿದಳು. “ಡಿಪೋದಲ್ಲಿ ಬಸ್ಸುಗಳೂ ಸ್ನಾನ ಮಾಡ್ದಂಗೆ ಆಗಿದೆ!”

ಶನಿವಾರ ಬೆಳಿಗ್ಗೆ ತಂತಿಯಿಂದ ಕತ್ತರಿಸಿದ ಸಾಬೂನನ್ನು ಮೂಗಿಗೆ ಹಿಡಿದರೆ ಏನೂ ಇಲ್ಲ. ಹಳದಿ ಬಣ್ಣವಿತ್ತು, ನಿಂಬೆ ಇರಲಿಲ್ಲ. ಅದು ಹಿಂದಿನ ದಿನವೇ ಆವಿಯಾಗಿ ಡಿಪೋ ಪಾಲಾಗಿತ್ತು. ಯಜಮಾನರು ಒಂದು ಬಿಲ್ಲೆಯನ್ನು ಹಂಡೆಯಣ್ಣನ ಕೈಗೆ ಕೊಟ್ಟರು. ಅವನು ಮೂಸಿದ. ಇನ್ನೊಂದನ್ನು ಮೂಸಿದ. ಮೂರನೆಯದನ್ನು ಮುರಿದು ಮೂಸಿದ.

“ನಿನ್ನೆ ನಂಗೆ ಚೆನ್ನಾಗೇ ಬರ್ತಿತ್ತು ಸಾರ್. ಇವತ್ತು... ನನ್ನ ಮೂಗೇ ಹೋಯ್ತೋ ಏನೋ.”

“ವಯಸ್ಸಾಯ್ತಲ್ಲ ಅಣ್ಣ,” ಯಜಮಾನರು ಮೆತ್ತಗೆ ಹೇಳಿದರು. “ಹೊತ್ತಲ್ಲದ ಹೊತ್ತಲ್ಲಿ ಹಾಕಿರ್ತೀರಿ. ಸೋಮವಾರದಿಂದ ಗೇಟಿನ ಹತ್ರ ಕೂತ್ಕೊಳ್ಳಿ. ಹಂಡೆಗೆ ಬೇರೆಯವರನ್ನ ನೋಡೋಣ.”

ಭಾಷಣ ಕಿಸೆಯಲ್ಲಿಟ್ಟುಕೊಂಡು ನಿಂತಿದ್ದ ಗುರುವಾರ ಮೂಲೆಗೆ ಸರಿದ. ಲಾಗ್‌ಬುಕ್ ತೆರೆದ. ಏಳನೇ ಪುಟದಲ್ಲಿ ಅವನದೇ ಅಕ್ಷರ: ‘ನಿಂಬೆ ಹಾಕುವುದು ಪಠ್ಯದ ಪ್ರಕಾರ ಅರವತ್ತಕ್ಕೆ, ಇಲ್ಲಿ ಎಪ್ಪತ್ತೆರಡಕ್ಕೆ. ಕಾರಣ ತಿಳಿಯದು.’ ಮೂವತ್ತೊಂದನೇ ಪುಟದಲ್ಲಿ ಹನ್ನೆರಡು ಡಿಗ್ರಿ, ಕೆಳಗೆ ಎರಡು ಗೆರೆ. ಎಪ್ಪತ್ತೆರಡರಿಂದ ಹನ್ನೆರಡು ಕಳೆದರೆ ಎಷ್ಟು ಎಂಬ ಪ್ರಶ್ನೆಗೆ ಪದವಿ ಬೇಕಿರಲಿಲ್ಲ. ಆ ಮುದುಕ ಡಯಲ್‌ನ ಸುಳ್ಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದ. ನಿನ್ನೆ ಮುಳ್ಳು ನಿಜ ಹೇಳಿತ್ತು, ನಿಂಬೆ ಹನ್ನೆರಡು ಡಿಗ್ರಿ ಹೆಚ್ಚಿನ ಬಿಸಿಗೆ ಬಿದ್ದಿತ್ತು. ಗುರುವಾರ ಡಯಲ್ ಸರಿಮಾಡಿದ್ದ, ಅದನ್ನು ಓದುವವನನ್ನು ಮರೆತಿದ್ದ.

ಶೆಡ್ಡಿನ ಹಿಂದೆ ಹೋಗಿ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ. ಅವಳದು ದಿನವಿಡೀ ಗ್ರಾಹಕರ ದೂರು ಕೇಳುವ ಕೆಲಸ.

“ಹೇಳಿದ್ರೆ ನನ್ನ ವರ್ಷ ಹೋಗುತ್ತೆ ಅಕ್ಕ. ಹೇಳ್ದೇ ಇದ್ರೆ ಅವರ ಹಂಡೆ ಹೋಗುತ್ತೆ.”

“ಅಲ್ವೋ, ಐಸ್ ತರೋಕೆ ರಸ್ತೆ ದಾಟಿ ಹೋದವನಿಗೆ ಆ ಮನುಷ್ಯನ್ನ ಒಂದು ಮಾತು ಕೇಳೋಕೆ ನಾಲ್ಕು ಹೆಜ್ಜೆ ಹಾಕೋಕೆ ಆಗ್ಲಿಲ್ವಾ?”

“ಸರ್‌ಪ್ರೈಸ್ ಕೊಡೋಣ ಅಂತ...”

“ಕೊಟ್ಟಿದ್ದೀಯಲ್ಲ. ನಿಮ್ಮ ದೂರು ದಾಖಲಾಗಿದೆ, ಈಗ ಒಳಗೆ ನಡೀರಿ.” ಫೋನ್ ಇಟ್ಟೇಬಿಟ್ಟಳು.

ಲ್ಯಾಬಿನಲ್ಲಿ ಮೇಡಂ, ಯಜಮಾನರು, ತಲೆ ತಗ್ಗಿಸಿ ಕುಳಿತ ಹಂಡೆಯಣ್ಣ. ಗುರುವಾರ ಭಾಷಣದಲ್ಲಿ ಹೆಮ್ಮೆಯ ಮಾತುಗಳನ್ನೆಲ್ಲ ತೆಗೆದು ಉಳಿದದ್ದನ್ನು ಹೇಳಿದ. ಉಳಿದದ್ದು ಮೂರೇ ವಾಕ್ಯ.

ಹಂಡೆಯಣ್ಣ ಸರ್ರನೆ ಎದ್ದ. “ಹಾಗಾದ್ರೆ ನನ್ನ ಮೂಗು ಸರಿಯಾಗಿದೆ!” ಎಂದು ಮುಖ ಅರಳಿಸಿದವನು ಮರುಕ್ಷಣವೇ ಕಣ್ಣು ಕೆಂಪಗೆ ಮಾಡಿಕೊಂಡ. “ನನ್ನ ಡಯಲ್ ಮುಟ್ಟಿದ್ಯೇನೋ ಗುರುವಾರ? ಹಿಂದಕ್ಕೆ ತಿರುಗ್ಸು, ಈಗಲೇ!”

“ನಿಲ್ಲಿ ಅಣ್ಣ,” ಮೇಡಂ ತಡೆದರು. “ಅದು ತಪ್ಪು ತೋರಿಸ್ತಿದೆ ಅಂತ ನಿಮಗೆ ಗೊತ್ತಿತ್ತಾ?”

“ಒಂಬತ್ತು ವರ್ಷದಿಂದ ಗೊತ್ತು. ಹನ್ನೆರಡು ಅಂದ್ರೆ ಹನ್ನೆರಡೇ. ಒಂದು ದಿನ ಹದಿಮೂರಾಗಿಲ್ಲ. ಅಷ್ಟು ನಿಯತ್ತಾಗಿ ಸುಳ್ಳು ಹೇಳೋರು ಮನುಷ್ಯರಲ್ಲೂ ಸಿಗಲ್ಲ ಮೇಡಂ.”

“ಯಾರಿಗಾದ್ರೂ ಹೇಳಿದ್ರಾ?”

“ಯಾರು ಕೇಳಿದ್ರು?”

ಮೇಡಂ ತಮ್ಮ ಕಡತದ ಕಡೆ ಒಮ್ಮೆ ನೋಡಿ ಮುಚ್ಚಿಟ್ಟರು. ಅದರಲ್ಲಿ ನಿಂಬೆ ಹಾಕಿದ ಬಿಸಿ ಪ್ರತಿ ಸಲವೂ ಅರವತ್ತು ಎಂದು ಅವರದೇ ಕೈಬರಹದಲ್ಲಿತ್ತು, ಡಯಲ್ ನೋಡದೆ, ಹಂಡೆಯಣ್ಣ ಹನ್ನೆರಡು ಕಳೆದು ಹೇಳಿದ್ದನ್ನು ಬರೆದುಕೊಂಡದ್ದು. ಯಜಮಾನರು “ಗೇಟಿನ ಮಾತು ಬಿಡಿ ಅಣ್ಣ” ಎಂದು ಹೊರಗೆ ಜಾರಿಕೊಂಡರು.

“ಡಯಲ್ ಸರಿಯಾಗೇ ಇರ್ಲಿ,” ಎಂದರು ಮೇಡಂ. “ಇವರ ತಲೆಯಲ್ಲಿರೋ ಅಂಕಿಯೆಲ್ಲ ಕಾಗದಕ್ಕೆ ಬರಬೇಕು. ಬರೆಯೋನು ನೀನು, ಒಪ್ಪೋರು ಇವರು. ಒಂದು ಅಂಕಿ ಒಪ್ಪದಿದ್ರೂ ಸಹಿ ಇಲ್ಲ.”

ಲಾಗ್‌ಬುಕ್ ಒಪ್ಪಿಸಲು ಗುರುವಾರನಿಗೆ ಉಳಿದಿದ್ದದ್ದು ಐದು ವಾರ. ಹಂಡೆಯಣ್ಣ ಮೊದಲ ವಾರ ಬಾಯೇ ಬಿಡಲಿಲ್ಲ. ಎರಡನೇ ವಾರ ಒಂದೊಂದೇ ಅಂಕಿಯನ್ನು ಹಲ್ಲು ಕೀಳಿಸಿಕೊಳ್ಳುವವನಂತೆ ಕೊಟ್ಟ.

“ಸೋಡಾ ಬಿಡೋದು ಎಷ್ಟಕ್ಕೆ ಅಣ್ಣ?”

“ತೊಂಬತ್ನಾಲ್ಕು.”

“ಅಂದ್ರೆ ಎಂಬತ್ತೆರಡು.”

“ಅದೇನು ಅಂಕಿನೋ! ಹೇಳೋಕೆ ಒಂದು ಗತ್ತು ಬೇಡ್ವಾ?”

ಅಂಕಿಯ ಜೊತೆ ಅಂಕಿಯಲ್ಲದ್ದೂ ಬಂತು. ಮೋಡದ ದಿನ ಹಂಡೆ ಬೇಗ ಆರುತ್ತದೆ. ಎಣ್ಣೆ ಹೊಸದಾದರೆ ನೊರೆಯ ಸದ್ದೇ ಬೇರೆ. ಇದನ್ನೆಲ್ಲ ಯಾವ ಕಾಲಂನಲ್ಲಿ ಬರೆಯುವುದೆಂದು ತಿಳಿಯದೆ ಗುರುವಾರ ಕಾಗದದ ಹಿಂಬದಿಯನ್ನೂ ತುಂಬಿಸಿದ. ಇತ್ತ ವಾಸನೆಯಿಲ್ಲದ ಆ ಸಾಬೂನನ್ನು ಕಾರ್ಖಾನೆಯವರೆಲ್ಲ ಹಂಚಿಕೊಂಡಿದ್ದರು. ಗುರುವಾರನ ಪಾಲಿಗೆ ಎರಡು ಪಾಲು. “ಸ್ನಾನ ಮಾಡಿದ್ದಕ್ಕೆ ಸಾಕ್ಷಿಯೇ ಇಲ್ಲ ಕಣೋ” ಎಂದು ಅವನ ಅಮ್ಮ ದಿನವೂ ಗೊಣಗುತ್ತಿದ್ದರು.

ಐದನೇ ವಾರದ ಶನಿವಾರ ಕಾಗದದಲ್ಲಿ ಒಂದೇ ಅಂಕಿ ಬಾಕಿ. ನಿಂಬೆ. ಹಂಡೆಯಣ್ಣ ಅದನ್ನು ಮಾತ್ರ ಮಾಡಿ ನೋಡದೆ ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದ. ಸಾಬೂನು ಆರುತ್ತಾ ಬಂತು. ಮುಳ್ಳು ಎಪ್ಪತ್ತೆರಡು ದಾಟುವಾಗ ಅವನ ಕೈ ತಾನಾಗಿಯೇ ಕ್ಯಾನಿನ ಕಡೆ ಹೋಯಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ. ಅರವತ್ತೈದು. ಅರವತ್ತೆರಡು. ಅರವತ್ತು.

“ಅಣ್ಣ, ಆಯ್ತು.”

“ಗೊತ್ತು ಕಣೋ. ಬಾಯಿ ಬರ್ತಿಲ್ಲ. ನೀನೇ ಕೂಗು.”

“ನಿಂಬೆ!” ಗುರುವಾರನ ಧ್ವನಿ ಒಡೆದು ಕೀಚಲಾಗಿ ಹೊರಟಿತು. ಪ್ಯಾಕಿಂಗ್ ಮೇಜಿನವರು ಬಿದ್ದು ಬಿದ್ದು ನಕ್ಕರು. ಹಂಡೆಯಣ್ಣ ನಗಲಿಲ್ಲ. ಕ್ಯಾನು ಬಗ್ಗಿಸಿ, ಹಂಡೆಯ ಮೇಲೆ ಬಾಗಿ, ಉದ್ದಕ್ಕೆ ಉಸಿರೆಳೆದ. ಡಿಪೋದವರಿಗೆ ಅವತ್ತು ಏನೂ ಸಿಗಲಿಲ್ಲ. ನಿಂಬೆಯೆಲ್ಲ ಸಾಬೂನಿನಲ್ಲೇ ಉಳಿಯಿತು.

“ಹಾಕ್ಕೋ, ಅರವತ್ತು” ಎಂದ.

ಮೇಡಂ ಲಾಗ್‌ಬುಕ್ಕಿನ ಕೊನೆಯ ಫಾರಂಗೆ ಸಹಿ ಹಾಕಿದರು. ಹಂಡೆಯಣ್ಣ ತಾನು ಸಹಿ ಹಾಕುವ ಜಾಗ ಎಲ್ಲಿ ಎಂದು ಕೇಳಿದ. ಅಂಥ ಜಾಗವನ್ನು ಕಾಲೇಜು ಅಚ್ಚು ಹಾಕಿಸಿರಲಿಲ್ಲ. ಅವನು ಪೆನ್ನು ಇಸಿದುಕೊಂಡು ಅಂಚಿನಲ್ಲಿ ನಿಧಾನವಾಗಿ ಬರೆದ: ‘ಹುಡುಗ ಕೇಳಿ ಮುಟ್ಟುತ್ತಾನೆ.’ ಒಂದು ಕ್ಷಣ ಯೋಚಿಸಿ, ಮುಂದೆ ಇನ್ನೊಂದು ಪದ ಸೇರಿಸಿದ: ‘ಈಗ.’