ಬಲಕ್ಕೆ ನೀರು

ಕಣ್ಣಿದ್ದ ಕಾಲದಲ್ಲಿ ಭದ್ರಾವತಿಯ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗದ ಆಚೆಯ ಆ ಕೆರೆಗೆ ವರ್ಷವರ್ಷವೂ ಹೋಗುತ್ತಿದ್ದೆ. ಚಳಿಗಾಲದಲ್ಲಿ ಅಲ್ಲಿ ಸಿಳ್ಳೆಬಾತುಗಳು ಸೇರುತ್ತವೆ. ಕಣ್ಣು ಪೂರ್ತಿ ಹೋದ ಮೇಲೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಆ ಕೆರೆ ನನಗೆ ಇನ್ನೂ ಇದೆಯೋ, ಅದೂ ಹೋಯಿತೋ? ಬಾತುಗಳ ಸಿಳ್ಳೆ ಕೇಳಿಸಿದರೆ ಇದೆ ಎಂದುಕೊಂಡಿದ್ದೆ.

ಹೀಗಿರುವಾಗ ಸವಳಂಗ ರಸ್ತೆಯಲ್ಲಿರುವ ತಮ್ಮ ಫೋನ್ ಮಾಡಿದ. ಕೆರೆಯ ಅಂಚಿನಲ್ಲಿ ಕಣ್ಣಿಲ್ಲದವರಿಗೆಂದೇ ದಾರಿ ಮಾಡಿದ್ದಾರಂತೆ, ಹಿಡಿದು ನಡೆಯಲು ಉದ್ದಕ್ಕೂ ಹಗ್ಗ ಕಟ್ಟಿದ್ದಾರಂತೆ. ಭಾನುವಾರ ಬೆಳಿಗ್ಗೆ ಹೋದೆವು.

ಹಗ್ಗ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಯಾರೋ ಪುಣ್ಯಾತ್ಮ ಕಂಬಕ್ಕೊಂದು ಸ್ಪೀಕರ್ ಕೂಡ ಕಟ್ಟಿಬಿಟ್ಟಿದ್ದ. ಕೊಳಲು, ಅದರ ಹಿಂದೆ ಕೋಗಿಲೆ, ಮತ್ತೆ ಕೊಳಲು. ಕಾರ್ತಿಕದ ಚಳಿಯಲ್ಲಿ ಕೋಗಿಲೆ ಕೂಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಸಾಲದ್ದಕ್ಕೆ ತಮ್ಮನ ವರ್ಣನೆ ಬೇರೆ: ಬಲಕ್ಕೆ ನೀರು, ಎಡಕ್ಕೆ ಮರ, ಮುಂದೆ ಬೆಂಚು. ಬಾಯಿ ಮುಚ್ಚು ಎಂದೆ. ಪಾಪ, ಅವನು ದನಿ ತಗ್ಗಿಸಿ ಮತ್ತೆ ಅದನ್ನೇ ಹೇಳಿದ.

ಕಾವಲುಗಾರನನ್ನು ಕರೆಸಿ ಸ್ಪೀಕರ್ ನಿಲ್ಲಿಸಲು ಹೇಳಿದೆ.

“ಆಫ್ ಮಾಡಂಗಿಲ್ಲಮ್ಮ. ನಿಮ್ಮಂಥೋರಿಗೇ ಅಂತ ಹಾಕಿರೋದು” ಎಂದ.

ಮೈಯೆಲ್ಲ ಉರಿಯಿತು. ಕುರುಡಿಗೆ ಉಳಿದಿರುವುದು ಕಿವಿಯೊಂದು. ಅದಕ್ಕೂ ಬಿರಡೆ ಹಾಕಿ ಉಪಕಾರ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅವನ ವಂಶಕ್ಕೂ ಸೇರಿಸಿ ನಾಲ್ಕು ಮಾತು ಬೈದೆ. ತಮ್ಮ ನಡುವೆ ಬಂದು, ಇಷ್ಟೆಲ್ಲ ಮಾಡಿದ್ದಾರೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬಾರದೇ ಎಂದು ಗೋಗರೆದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಹೋದದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅಂದು ಮಾತ್ರ.

ಮೊದಲು ಜೊಂಡುಹುಲ್ಲಿನ ಸರಸರ ಕೇಳಿಸಿತು. ಆಮೇಲೆ ಕಪ್ಪೆ. ಆಮೇಲೆ ದೂರದಲ್ಲಿ ತೆಳ್ಳನೆಯ ಸಿಳ್ಳೆಯೊಂದು ಶುರುವಾದಂತಿತ್ತು. ಹೌದೋ ಅಲ್ಲವೋ ಎಂದು ಉಸಿರು ಬಿಗಿಹಿಡಿದು ನಿಂತೆ.

“ಬೇಜಾರ್ ಮಾಡ್ಕೋಬೇಡ ಅಕ್ಕ. ಹಕ್ಕಿ ಕೂಗು ತಾನೇ ನಿಂಗೆ ಬೇಕಾಗಿದ್ದು, ನನ್ ಮೊಬೈಲಲ್ಲಿ ಹಾಕ್ತೀನಿ ಇರು.”

ಕಿವಿಯ ಪಕ್ಕದಲ್ಲೇ ಕೋಗಿಲೆ ಕೂಗಿತು. ಕೈಚಾಚಿ ಮೊಬೈಲ್ ಕಿತ್ತುಕೊಂಡೆ. ನೀರು ಬಲಕ್ಕೆ ಎಂದು ಅವನೇ ಹೇಳಿದ್ದನಲ್ಲ, ಬಲಕ್ಕೇ ಬೀಸಿ ಎಸೆದೆ.

ಡುಬುಕ್ ಎಂದಿತು. ಮರುಗಳಿಗೆಯೇ ಕೆರೆಗೆ ಕೆರೆಯೇ ಎದ್ದ ಹಾಗೆ ಬಾತುಗಳು ಹಾರಿ, ಸಿಳ್ಳೆ ಹಾಕುತ್ತ ನಮ್ಮ ತಲೆಯ ಮೇಲೇ ಹಾದುಹೋದವು. ಎಷ್ಟಿವೆ, ಯಾವ ಕಡೆ ಹೋದವು ಎಂದು ತಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ.