ಚಪ್ಪಲಿ ಸಿಕ್ಕ ಜಾಗ

ಕನಕಪುರ ರಸ್ತೆಯ ಜರಗನಹಳ್ಳಿ ಬಸ್ ಸ್ಟಾಪಿನಲ್ಲಿ, ಹೂವಿನ ಬುಟ್ಟಿಯ ಪಕ್ಕ ನಾನು ನಿಂತಿದ್ದೆ. ತೊಂಬತ್ತೆಂಟರ ಬೇಸಿಗೆಯ ಸಂಜೆ. ಬೀದಿದೀಪ ಹತ್ತಿರಲಿಲ್ಲ, ಹತ್ತಬೇಕಾದಷ್ಟು ಕತ್ತಲೂ ಆಗಿರಲಿಲ್ಲ. ನನ್ನ ಮುಂದೆ ಮನೆಗಳಿಗೆ ಬಣ್ಣ ಬಳಿಯುವವನೊಬ್ಬ ನಿಂತಿದ್ದ. ಮೊಣಕೈವರೆಗೂ ಸುಣ್ಣ. ಕುಡಿದಿದ್ದ, ವಾಸನೆ ನನಗೂ ಬರುತ್ತಿತ್ತು. ಆದರೆ ನಿಂತಿದ್ದು ಡಾಂಬರಿನಿಂದ ಈಚೆ, ಮಣ್ಣಿನ ಮೇಲೆ.

“ಅಕ್ಕಾ, ಒಂದ್ ಮೊಳ ಕೊಡಿ. ಮನೇಲಿ ಬೈಗುಳ ಅರ್ಧ ಕಮ್ಮಿ ಆಗುತ್ತೆ.”

“ನಿನ್ ವಾಸ್ನೆಗೆ ಮೊಳ ಎಲ್ ಸಾಲುತ್ತಪ್ಪಾ, ಒಂದ್ ಮಾರು ತಗೋ,” ಎಂದಳು ಹೂವಿನಾಕೆ.

ಸ್ಟಾಪಿನಲ್ಲಿ ನಿಂತಿದ್ದ ಬಸ್ಸನ್ನು ಎಡಗಡೆಯಿಂದ ದಾಟಲು ಜೀಪೊಂದು ಮಣ್ಣಿಗಿಳಿಯಿತು. ಬಣ್ಣದವನು ಹೆಜ್ಜೆ ಎತ್ತಿರಲಿಲ್ಲ. ಜೀಪು ಅವನನ್ನು ಬಸ್ಸಿನ ಮುಂದಕ್ಕೆ, ರಸ್ತೆಯ ನಡುವೆ ಎಸೆದು ನಿಂತಿತು. ಓಡಿಸುತ್ತಿದ್ದವನು ನಮ್ಮ ಮನೆ ಮಾಲೀಕರ ಮಗ.

ಚಪ್ಪಲಿಗಳು ಮಣ್ಣಿನಲ್ಲೇ ಉಳಿದಿದ್ದವು. ಹೂವಿನಾಕೆ ಅವನ್ನು ಎತ್ತಿ ಒಯ್ದು, ಬಿದ್ದವನ ಕಾಲ ಬಳಿ ಜೋಡಿಸಿಟ್ಟಳು. “ಎದ್ರೆ ಬೇಕಾಗುತ್ತೆ, ಪಾಪ,” ಎಂದಳು. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಚಪ್ಪಲಿ ಅಲ್ಲೇ ಉಳಿಯಿತು. ಆಮೇಲೆ ಬಂದ ಪೊಲೀಸರು ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಚಪ್ಪಲಿ ಸಿಕ್ಕ ಜಾಗ ನೋಡಿ, ಮಹಜರಿನಲ್ಲಿ ಅವನು ನಡುರಸ್ತೆಯಲ್ಲಿ ನಿಂತಿದ್ದ ಎಂದಾಯಿತು.

ಮರುದಿನ ಬೆಳಿಗ್ಗೆ ಮಾಲೀಕರು ಬಾಗಿಲಿಗೆ ಬಂದರು.

“ಸಾರ್, ಅವನು ಕುಡ್ದಿದ್ದ ತಾನೆ?”

“ಕುಡಿದಿದ್ದ.”

“ಅಷ್ಟೇ ಹೇಳಿ. ನೀವೇನೂ ಸುಳ್ಳು ಹೇಳ್ಬೇಕಾಗಿಲ್ಲ.” ಹೊರಟವರು ಮೆಟ್ಟಿಲ ಮೇಲೆ ತಿರುಗಿದರು. “ಮಗಳು ಟ್ಯೂಷನ್‌ಗೆ ಒಬ್ಳೇ ಹೋಗ್ತಾಳಲ್ವಾ? ಈ ರೋಡಲ್ಲಿ ಸ್ವಲ್ಪ ಹುಷಾರು ಸಾರ್.”

ಆಮೇಲೆ ಸಂಜೆಗಳಲ್ಲಿ ಆ ಜೀಪು ನಮ್ಮ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಮಗಳನ್ನು ನಾನೇ ಕರೆದುಕೊಂಡು ಹೋಗಿ ಬರತೊಡಗಿದೆ.

ಸಾಕ್ಷಿ ಹೇಳಲು ಹೂವಿನಾಕೆಯನ್ನು ಕರೆದೆ. “ಚಪ್ಪಲಿ ನಾನೇ ಎತ್ತಿಟ್ಟೆ ಅಂದ್ರೆ ನನ್ನೇ ಒಳಗೆ ಹಾಕ್ತಾರೆ. ಬೇಡಿ ಸಾರ್,” ಎಂದಳು. ಮರುವಾರ ಅವಳ ಬುಟ್ಟಿ ಅಲ್ಲಿರಲಿಲ್ಲ.

ಪರಿಹಾರದ ಮೊಕದ್ದಮೆ ಬರುವ ಹೊತ್ತಿಗೆ ಬಣ್ಣದವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಏಣಿ ಹತ್ತುವ ಕೆಲಸ ಮುಗಿದಿತ್ತು. ಜೀಪಿನವರ ಕಡೆಯ ವಕೀಲರು ನನ್ನನ್ನು, “ಕುಡಿದಿದ್ದನೇ?” ಎಂದು ಕೇಳಿದರು. ಹೌದೆಂದೆ. “ಸಾಕು,” ಎಂದರು. ಸಾಕಾಗುವುದಿಲ್ಲ, ಅವನು ಮಣ್ಣಿನ ಮೇಲೆ ಅಲುಗದೆ ನಿಂತಿದ್ದ, ಚಪ್ಪಲಿಯನ್ನು ಆಮೇಲೆ ತಂದಿಟ್ಟರು ಎಂದೆ. ನ್ಯಾಯಾಧೀಶರು ಬರೆದುಕೊಂಡರು. ತಂದಿಟ್ಟವರು ಯಾರು, ಎಲ್ಲಿ ಎಂದು ಕೇಳಿದರು. ಹೂವಿನಾಕೆ ಎಲ್ಲಿ ಹೋದಳೋ ನನಗೆ ಗೊತ್ತಿರಲಿಲ್ಲ, ತೋರಿಸಲು ಯಾರೂ ಇರಲಿಲ್ಲ.

ತಪ್ಪಿನಲ್ಲಿ ಅರ್ಧ ಅವನದೇ ಎಂದು ತೀರ್ಪಾಯಿತು. ಪರಿಹಾರವೂ ಅರ್ಧಕ್ಕಿಳಿಯಿತು. ನಾವು ಆ ತಿಂಗಳೇ ಮನೆ ಖಾಲಿ ಮಾಡಿದೆವು.

ಅವನು ನಿಂತಿದ್ದ ಜಾಗವನ್ನು ಕಂಡವರಲ್ಲಿ ಅಂದು ಬಸ್ಸಿನ ಬಾಗಿಲಲ್ಲಿದ್ದ ಕಂಡಕ್ಟರ್ ಸಾಕ್ಷಿಗೆ ಬಾರದೆಯೇ ತೀರಿಕೊಂಡರು. ಬಣ್ಣದವನೂ ಈಗಿಲ್ಲ. ಹೂವಿನಾಕೆ ಬನಶಂಕರಿ ಗುಡಿಯ ಬಳಿ ಕೂರುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಮಾಲೀಕರ ಮಗ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದಾನೆ. ಅವನೂ ನೋಡಿದ್ದ, ನಮ್ಮೆಲ್ಲರಿಗಿಂತ ಹತ್ತಿರದಿಂದ.