ಟಿಕೆಟ್ ಇಲ್ಲದ ಕಡಲಹೂವು

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ದೊಡ್ಡಪ್ಪನಿಗೆ ಈಗ ಉಪ್ಪುನೀರಿನ ಅಕ್ವೇರಿಯಮ್ಮೇ ರೈಲು. ಹವಳ ಬೆಳೆಸಲು ಸಮುದ್ರದ ಹೊಸ ಕಲ್ಲು ಬಂತೆಂದರೆ ಊಟ ಬಿಟ್ಟು ಭೂತಗನ್ನಡಿ ಹಿಡಿದು ಕೂರುತ್ತಾರೆ. ಕಲ್ಲಿನ ಬಿರುಕಿನಲ್ಲಿ ಅಡಗಿ ಬರುವ, ಹೂವಿನಂತೆ ಕಾಣುವ ಪುಟ್ಟ ಜೀವಿಗಳಾದ ಕಡಲಹೂಗಳೆಲ್ಲ ಅವರ ಪಾಲಿಗೆ ಟಿಕೆಟ್ ಇಲ್ಲದವರು. "ಬಾರೇ, ಸಿಕ್ಕಿಬಿದ್ದ!" ಎಂದು ಕೂಗಿದರೆ ದೊಡ್ಡಮ್ಮ ಕೈಲಿದ್ದ ಸೌಟಿನ ಸಮೇತ ಓಡಿ ಬರಬೇಕು. "ನೋಡು, ಎಳೆಗಳ ತುದಿ ಚೂಪು, ಬಣ್ಣ ಕಂದು, ಮುಟ್ಟಿದ್ರೆ ಸರ್ರನೆ ಒಳಗೆ! ನನ್ನ ಕಂಡು ಶೌಚಾಲಯದಲ್ಲಿ ಬಾಗಿಲು ಹಾಕ್ಕೊಳ್ತಿದ್ರಲ್ಲ, ಥೇಟ್ ಹಾಗೇ!" ದೊಡ್ಡಮ್ಮನದು ಒಂದೇ ಮಾತು: "ಹಿಸುಕಿ ಬಿಸಾಕಿ." "ಹಿಸುಕಿದ್ರೆ ಚೂರಿಗೊಬ್ಬ ಹುಟ್ತಾನೆ ಕಣೇ! ಬಿಟ್ರೆ ಹವಳಾನೆಲ್ಲ ಕುಟುಕಿ ಕೊಲ್ತಾನೆ!" ಕೊನೆಗೆ ಅದನ್ನು ಸುಟ್ಟು ಕೊಲ್ಲಲೆಂದು ದೊಡ್ಡಮ್ಮನೇ ಸಿರಿಂಜಿನಲ್ಲಿ ಕುದಿನೀರು ತುಂಬಿ ಕೊಟ್ಟರೂ ದೊಡ್ಡಪ್ಪನ ಕೈ ಮುಂದೆ ಹೋಗುವುದಿಲ್ಲ. ಸರ್ವಿಸ್ ಪೂರ್ತಿ ಗದರಿದ್ದೇ ಗದರಿದ್ದು, ನಡುದಾರಿಯಲ್ಲಿ ಮಾತ್ರ ಯಾರನ್ನೂ ಇಳಿಸಿದವರಲ್ಲ. ಆ ಹೂವಿದ್ದ ಕಲ್ಲಿನ ಚೂರನ್ನು ಉಳಿಯಿಂದ ಬಿಡಿಸಿ, ಉಪ್ಪುನೀರಿನ ಗಾಜಿನ ಬಟ್ಟಲಲ್ಲಿಟ್ಟು, "ಮುಂದಿನ ಸ್ಟೇಷನ್‌ವರೆಗೆ ಕೂತಿರಲಿ" ಎನ್ನುತ್ತಾರೆ. ಆ ಸ್ಟೇಷನ್ ಇನ್ನೂ ಬಂದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಬಟ್ಟಲುಗಳ ಸಾಲೇ ಬೆಳೆದಿದೆ. "ಟಿಕೆಟ್ ಇಲ್ದಿದ್ರೂ ಇವಕ್ಕೆ ಕಿಟಕಿ ಪಕ್ಕದ ಸೀಟೇ ಬೇಕು," ಎಂದು ಗೊಣಗುತ್ತಾ ದೊಡ್ಡಮ್ಮ ಒಂದೊಂದಕ್ಕೂ ಸೀಗಡಿಯ ಚೂರು ಹಾಕುತ್ತಾರೆ.